ಜೋರಾಗಿ ಹೋದ್ರೆ ತಣ್ಣಗೆ, ನಿಧಾನ ಮಾಡಿದ್ರೆ ಹೀಟು: ಬೋಟ್ ಎಂಜಿನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಹೀಟ್ ಆಗ್ತಿದೆ ಅಂತ ಕೇಳುವವರಲ್ಲಿ ಎರಡು ಜಾತಿ. ಜೋರಾಗಿ ಓಡಿಸಿದಾಗ ಹೀಟ್ ಆಗುವವರು ಒಂದು, ನಿಧಾನ ಮಾಡಿದಾಗ ಹೀಟ್ ಆಗುವವರು ಇನ್ನೊಂದು. ಇಲ್ಲಿರುವುದು ಎರಡನೆಯವರ ಪ್ರಶ್ನೆಗಳು. ಈ ‘ನಿಧಾನಕ್ಕೆ ಮಾತ್ರ’ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಹುಡುಕುವ ಕೆಲಸದಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ. ಅದನ್ನು ಮರೆತು ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ.

## ಮೊದಲ ಪ್ರಶ್ನೆಗಳು

ಜೋರಾಗಿ ಓಡಿಸಿದ್ರೆ ತಾನೆ ಎಂಜಿನ್ ಬಿಸಿಯಾಗ್ಬೇಕು? ನಂದು ಯಾಕೆ ಉಲ್ಟಾ?

ಬೋಟ್ ಎಂಜಿನ್ ತಣ್ಣಗಿರುವುದು ಗಾಳಿಯಿಂದ ಅಲ್ಲ, ಹೊರಗಿನಿಂದ ಎಳೆದುಕೊಳ್ಳುವ ನೀರಿನಿಂದ. ಆ ನೀರನ್ನು ಎಳೆಯುವ ಪಂಪ್ ಎಂಜಿನ್ ತಿರುಗಿದಷ್ಟೇ ತಿರುಗುತ್ತದೆ. ಎಂಜಿನ್ ನಿಧಾನವಾದರೆ ಪಂಪೂ ನಿಧಾನ.

ಪಂಪಿನ ಒಳಗೆ ರಬ್ಬರಿನ ಒಂದು ಚಕ್ರ ಇರುತ್ತದೆ, ಅದೇ ಇಂಪೆಲ್ಲರ್. ಅದು ಕೂರುವ ಡಬ್ಬಿಯ ನಡುವೆ ಸರಿಯಾಗಿ ಕೂರುವುದಿಲ್ಲ, ಬೇಕಂತಲೇ ಒಂದು ಪಕ್ಕಕ್ಕೆ ಇಟ್ಟಿರುತ್ತಾರೆ. ಹಾಗಾಗಿ ತಿರುಗುವಾಗ ರೆಕ್ಕೆಗಳು ಒಂದು ಕಡೆ ಮಡಚಿಕೊಳ್ಳುತ್ತವೆ, ಇನ್ನೊಂದು ಕಡೆ ನೆಟ್ಟಗಾಗುತ್ತವೆ. ನೆಟ್ಟಗಾಗುವಾಗ ನೀರು ಒಳಗೆ, ಮಡಚುವಾಗ ನೀರು ಹೊರಗೆ. ಕಡಿಮೆ ವೇಗದಲ್ಲಿ ಪಂಪಿಗೆ ಇರುವುದು ಇದೊಂದೇ ಬಲ. ವೇಗ ಹೆಚ್ಚಾದಾಗ ನೀರಿನ ಒತ್ತಡಕ್ಕೆ ರೆಕ್ಕೆಗಳು ಗೋಡೆ ಬಿಟ್ಟು ಸ್ವಲ್ಪ ಹಿಂದೆ ಬಾಗುತ್ತವೆ, ಆಗ ಇಂಪೆಲ್ಲರ್ ಬರೀ ಸುತ್ತುವ ರಭಸಕ್ಕೇ ನೀರನ್ನು ಹೊರಗೆ ಎಸೆಯುತ್ತದೆ. ಅಂದರೆ ಸವೆದ ಇಂಪೆಲ್ಲರ್ ಜೋರಾಗಿ ಓಡುವಾಗ ಹೇಗೋ ಕೆಲಸ ಸಾಗಿಸುತ್ತದೆ, ನಿಧಾನ ಮಾಡಿದಾಗ ಸಿಕ್ಕಿಬೀಳುತ್ತದೆ. ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗೆ ಸಿಕ್ಕಿಸುವ ಎಂಜಿನ್) ಆದರೆ ಬೋಟ್ ಮುಂದೆ ಹೋಗುವ ರಭಸವೂ ಸ್ವಲ್ಪ ನೀರನ್ನು ಒಳಗೆ ನೂಕುತ್ತದೆ, ನಿಧಾನ ಮಾಡಿದರೆ ಆ ಸಹಾಯವೂ ಹೋಯಿತು.

ಹಾಗಾಗಿ ಒಂದು ಒರಟು ಲೆಕ್ಕ ಇಟ್ಟುಕೊಳ್ಳಿ. ಜೋರಿಗೆ ಮಾತ್ರ ಹೀಟ್ ಆದರೆ ನೀರಿನ ದಾರಿ ಎಲ್ಲೋ ಕಟ್ಟಿಕೊಂಡಿದೆ. ನಿಧಾನಕ್ಕೆ ಮಾತ್ರ ಆದರೆ ಪಂಪಿನ ಹಿಡಿತ ಹೋಗಿದೆ, ಇಲ್ಲವೇ ಗಾಳಿ ಸೇರುತ್ತಿದೆ, ಇಲ್ಲವೇ ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ಮಾತ್ರ ದಾರಿ ತೆರೆಯುವ ಬಾಗಿಲು) ಅಥವಾ ಅದರ ಜೊತೆಗಾರ ವಾಲ್ವ್ ಸಿಕ್ಕಿಹಾಕಿಕೊಂಡಿದೆ. ಎರಡರಲ್ಲೂ ಆದರೆ ಎಲ್ಲವನ್ನೂ ನೋಡಬೇಕು, ದೇವರೇ ಗತಿ.

ಎಷ್ಟಾದ್ರೆ ‘ಜಾಸ್ತಿ ಹೀಟು’ ಅಂತ ಲೆಕ್ಕ?

ಎಂಜಿನ್ ಯಾವ ಥರದ್ದು ಅನ್ನುವುದರ ಮೇಲೆ ಹೋಗುತ್ತದೆ. ಔಟ್‌ಬೋರ್ಡ್‌ಗಳ ಥರ್ಮೋಸ್ಟಾಟ್ ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುತ್ತದೆ. ಸಮುದ್ರದ ನೀರನ್ನೇ ನೇರವಾಗಿ ಬ್ಲಾಕ್ (ಎಂಜಿನ್ನಿನ ಲೋಹದ ಒಡಲು) ಒಳಗೆ ಹರಿಸುವ ಇನ್‌ಬೋರ್ಡ್‌ಗಳದ್ದೂ (ಬೋಟಿನ ಒಳಗೇ ಕೂರುವ ಎಂಜಿನ್) 60ರ ಹತ್ತಿರ. ಅದಕ್ಕಿಂತ ಬಿಸಿ ಇಟ್ಟರೆ ಉಪ್ಪುನೀರಿನ ಲವಣಗಳು ಬೇಗ ಪದರ ಕಟ್ಟುತ್ತವೆ, ಅದಕ್ಕೇ ಕಡಿಮೆ ಇಟ್ಟಿರುವುದು. ಕೂಲಂಟ್ (ಎಂಜಿನ್ ಒಳಗೇ ಸುತ್ತುವ ತಣಿಸುವ ದ್ರವ) ಇರುವ ಮುಚ್ಚಿದ ವ್ಯವಸ್ಥೆಯಲ್ಲಿ 70ರಿಂದ 80ರ ಮೇಲೆ ಸ್ವಲ್ಪ ಓಡಾಡಿದರೂ ಸಹಜವೇ. ಆದರೆ ಕೊನೆಯ ಮಾತು ನಿಮ್ಮ ಎಂಜಿನ್ ಮ್ಯಾನ್ಯುಯಲ್‌ದ್ದು.

ಅಂಕಿಗಿಂತ ಹೆಚ್ಚಾಗಿ ಬದಲಾವಣೆ ನೋಡಿ. ಯಾವಾಗಲೂ 62ರಲ್ಲಿ ನಿಲ್ಲುತ್ತಿದ್ದ ಸೂಜಿ ಈಗ 75ಕ್ಕೆ ಹೋಗುತ್ತಿದೆ ಅಂದರೆ, ಅಲಾರಂ ಹೊಡೆಯದಿದ್ದರೂ ಏನೋ ಆಗಿದೆ.

ನೀರಿನ ಮಧ್ಯೆ ಅಲಾರಂ ಹೊಡ್ಕೊಳ್ಳೋಕೆ ಶುರು ಮಾಡ್ತು. ಮೊದಲು ಏನ್ ಮಾಡ್ಲಿ?

ಮೊದಲು ಸುತ್ತ ನೋಡಿ. ಬಂಡೆ, ಬೇರೆ ಬೋಟ್, ಸೆಳವು ಏನಾದರೂ ಇದ್ದರೆ ಎಂಜಿನ್ ಆಫ್ ಮಾಡುವ ಮುಂಚೆ ಬೋಟನ್ನು ಸುರಕ್ಷಿತ ಜಾಗಕ್ಕೆ ತನ್ನಿ, ಇಲ್ಲವೇ ಲಂಗರು ಹಾಕಿ. ಎಂಜಿನ್ ಉಳಿಸಲು ಹೋಗಿ ಬೋಟ್ ಕಳೆದುಕೊಳ್ಳುವುದರಲ್ಲಿ ಅರ್ಥ ಇಲ್ಲ.

ಆಮೇಲೆ ನ್ಯೂಟ್ರಲ್‌ಗೆ ಹಾಕಿ ಹಿಂದೆ ನೋಡಿ, ನೀರು ಹೊರಗೆ ಬರುತ್ತಿದೆಯಾ ಅಂತ. ಬರುತ್ತಿಲ್ಲ ಅಂದರೆ ತಕ್ಷಣ ಆಫ್. ಬರುತ್ತಿದೆ ಅಂದರೆ ಒಂದು ಪ್ರಯೋಗ ಮಾಡಬಹುದು: ನ್ಯೂಟ್ರಲ್‌ನಲ್ಲೇ ಥ್ರಾಟಲ್ ಸ್ವಲ್ಪ ಏರಿಸಿ 1500 ಆರ್‌ಪಿಎಂ ಹತ್ತಿರ ತನ್ನಿ, ಅರ್ಧ ನಿಮಿಷ ಬಿಡಿ. ಸೂಜಿ ಇಳಿದರೆ ನಿಮ್ಮದು ಇದೇ ‘ನಿಧಾನಕ್ಕೆ ಮಾತ್ರ’ ಕಾಯಿಲೆ, ಅದೇ ವೇಗದಲ್ಲಿ ಸೂಜಿ ಮೇಲೆ ಕಣ್ಣಿಟ್ಟು ದಡ ಸೇರಬಹುದು. ಇಳಿಯದಿದ್ದರೆ ಆಫ್ ಮಾಡಿ.

ಔಟ್‌ಬೋರ್ಡ್ ಆದರೆ ಆಫ್ ಮಾಡಿದ ಮೇಲೆ ಮೇಲಕ್ಕೆತ್ತಿ ನೀರು ಒಳಗೆ ಹೋಗುವ ಜಾಲರಿ ನೋಡಿ. ಪ್ಲಾಸ್ಟಿಕ್ ಚೀಲ, ಕಳೆ, ಬಲೆಯ ತುಂಡು ಸುತ್ತಿಕೊಂಡಿರುವುದು ಎಷ್ಟೋ ಸಲ ಅಷ್ಟೇ. ಎತ್ತಲು ಆಗದ ಎಂಜಿನ್ ಆದರೆ ಒಂದೆರಡು ಕ್ಷಣ ರಿವರ್ಸ್ ಕೊಟ್ಟರೆ ಕೆಲವೊಮ್ಮೆ ಕಸ ಬಿಟ್ಟುಹೋಗುತ್ತದೆ.

ಎರಡು ಕೆಲಸ ಮಾತ್ರ ಮಾಡಲೇಬೇಡಿ. ಬಿಸಿ ಬ್ಲಾಕ್ ಮೇಲೆ ತಣ್ಣೀರು ಸುರಿಯಬೇಡಿ, ಸೀಳು ಬಿಡಬಹುದು. ಕೂಲಂಟ್ ಮುಚ್ಚಳ ಬಿಸಿಯಿರುವಾಗ ತೆಗೆಯಬೇಡಿ, ಕುದಿಯುವ ನೀರು ನೇರ ಮುಖಕ್ಕೆ ಹಾರುತ್ತದೆ.

ಹಿಂದಿನಿಂದ ನೀರಿನ ಧಾರೆ ಚೆನ್ನಾಗೇ ಬರ್ತಿದೆ. ಮತ್ತೆ ಹೀಟ್ ಹೇಗಾಗುತ್ತೆ?

ಔಟ್‌ಬೋರ್ಡ್ ಹಿಂದಿನ ಸಣ್ಣ ತೂತಿನಿಂದ ಬರುವ ಆ ಧಾರೆ ಹೇಳುವುದು ಒಂದೇ ಮಾತು: ಪಂಪ್ ನೀರು ಎತ್ತುತ್ತಿದೆ. ಆ ನೀರು ಎಂಜಿನ್ ಪೂರ್ತಿ ಸುತ್ತಿ ಬಂದಿದೆ ಅಂತ ಅದು ಹೇಳುವುದಿಲ್ಲ. ಸುಮಾರು ಮಾಡೆಲ್‌ಗಳಲ್ಲಿ ಈ ಧಾರೆಯನ್ನು ಥರ್ಮೋಸ್ಟಾಟ್‌ಗೆ ಮುಂಚೆಯೇ ಕವಲು ಒಡೆಸಿರುತ್ತಾರೆ. ಹಾಗಾಗಿ ಥರ್ಮೋಸ್ಟಾಟ್ ಮುಚ್ಚಿಕೊಂಡು ಸತ್ತಿದ್ದರೂ ಧಾರೆ ಮಾತ್ರ ಜೋರಾಗಿ ಬರುತ್ತಲೇ ಇರುತ್ತದೆ.

ಧಾರೆಗೆ ಕೈಯೊಡ್ಡಿ ನೋಡುವವರಿದ್ದಾರೆ, ಒಳ್ಳೆಯ ಅಭ್ಯಾಸವೇ. ಆದರೆ ದೂರದಿಂದ, ಎಚ್ಚರವಾಗಿ. ಹಬೆ ಬರುತ್ತಿದ್ದರೆ ಬೇಡ.

ಧಾರೆ ನಿಂತೇಹೋಗಿದೆ, ಪಂಪ್ ಹೋಯ್ತಾ?

ಅವಸರ ಬೇಡ. ಆ ತೂತಿನಲ್ಲಿ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಮರಳು ಕೂತಿರುತ್ತದೆ, ಉಪ್ಪು ಗಟ್ಟಿಯಾಗಿರುತ್ತದೆ. ಎಂಜಿನ್ ಆಫ್ ಮಾಡಿ ಮೃದುವಾದ ಪ್ಲಾಸ್ಟಿಕ್ ತಂತಿಯನ್ನು ಒಳಗೆ ಆಡಿಸಿ, ಮೀನು ಹಿಡಿಯುವ ದಪ್ಪ ದಾರ ಚೆನ್ನಾಗಿ ಆಗುತ್ತದೆ. ಆ ತೂತಿಗೆ ನೀರು ತರುವ ಹೋಸನ್ನು ಒಳಗಿನ ತುದಿಯಿಂದ ಬಿಚ್ಚಿ ಊದಿದರೆ ಇನ್ನೂ ಖಚಿತ. ಹೋಸ್ ಬಿಚ್ಚಿದ ಜಾಗದಿಂದ ಎಂಜಿನ್ ಓಡುವಾಗ ನೀರು ಚಿಮ್ಮಿದರೆ ಪಂಪ್ ಬದುಕಿದೆ, ಕಟ್ಟಿರುವುದು ಬರೀ ಧಾರೆಯ ದಾರಿ.

ಅಲಾರಂ ಸುಳ್ಳು ಹೇಳ್ತಿದೆ ಅನ್ಸುತ್ತೆ. ಹೇಗೆ ಗೊತ್ತು ಮಾಡ್ಕೊಳ್ಳೋದು?

ಮೊದಲು ಅದು ಯಾವ ಅಲಾರಂ ಅಂತ ನೋಡಿ. ಎಷ್ಟೋ ಫೋರ್-ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್ ಪ್ರೆಷರ್ ಕಡಿಮೆಯಾದಾಗಲೂ ಹೀಟ್ ಆದಾಗಲೂ ಹೊಡೆಯುವುದು ಒಂದೇ ಬಝರ್. ಬಿಸಿ ಆಯಿಲ್ ತೆಳುವಾಗಿರುತ್ತದೆ, ಐಡಲ್‌ನಲ್ಲಿ (ಥ್ರಾಟಲ್ ಕೊಡದೆ ಎಂಜಿನ್ ಸುಮ್ನೆ ತಿರುಗುವಾಗ) ಅದರ ಒತ್ತಡ ತೀರಾ ಕೆಳಗೆ ಇಳಿಯುತ್ತದೆ. ಹಾಗಾಗಿ ‘ನಿಧಾನ ಮಾಡಿದ್ರೆ ಹೀಟ್ ಅಲಾರಂ ಬರುತ್ತೆ’ ಅಂದವರಲ್ಲಿ ಕೆಲವರದ್ದು ನಿಜಕ್ಕೂ ಆಯಿಲ್ ಸಮಸ್ಯೆ. ಡಿಪ್‌ಸ್ಟಿಕ್ ನೋಡಲು ಒಂದು ನಿಮಿಷ ಸಾಕು.

ನಿಜವಾದ ಬಿಸಿ ಅಳೆಯಲು ಗನ್ ಥರ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಒಂದು ಮಾತು ಮಾತ್ರ ನೆನಪಿಡಿ: ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆ, ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ. ಅಳೆಯುವ ಜಾಗದಲ್ಲಿ ಕಪ್ಪು ಟೇಪ್ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಸಿಲಿಂಡರ್ ಹೆಡ್ (ಸಿಲಿಂಡರ್‌ಗಳನ್ನು ಮುಚ್ಚುವ ಭಾಗ), ಥರ್ಮೋಸ್ಟಾಟ್ ಡಬ್ಬಿ, ಸೆನ್ಸರ್ ಪಕ್ಕ, ಈ ಮೂರು ಕಡೆ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳಿನಿಂದ ಎರಡು ಹನಿ ನೀರು ಹೆಡ್ ಮೇಲೆ ಚಿಮುಕಿಸಿ. ಚುರ್ ಅಂದು ಹಾರಿದರೆ 100 ದಾಟಿದೆ, ಅಲಾರಂ ಪಾಪ ನಿಜವನ್ನೇ ಹೇಳುತ್ತಿತ್ತು.

ಹೆಡ್ ತಣ್ಣಗಿದ್ದೂ ಗೇಜ್ ಮೇಲಿದ್ದರೆ ಸೆನ್ಸರ್ ವೈರು, ತುಕ್ಕು ಹಿಡಿದ ಅರ್ಥಿಂಗ್, ಗೇಜ್ ಈ ಕ್ರಮದಲ್ಲಿ ನೋಡಿ.

## ಪಂಪ್ ಮತ್ತು ಇಂಪೆಲ್ಲರ್

ಇಂಪೆಲ್ಲರ್ ತೆಗೆದು ನೋಡ್ದೆ, ಹೊಸದರ ಹಾಗೇ ಇದೆ. ಆದ್ರೂ ಬದಲಾಯಿಸ್ಬೇಕಾ?

ಪಕ್ಕದಲ್ಲಿ ಹೊಸದೊಂದನ್ನು ಇಟ್ಟು ನೋಡಿ. ಹೊಸದರ ರೆಕ್ಕೆಗಳು ನಡುವಿನಿಂದ ನೆಟ್ಟಗೆ ಚಾಚಿರುತ್ತವೆ. ಹಳೆಯದರ ರೆಕ್ಕೆಗಳು ಹೊರಗೆ ತೆಗೆದ ಮೇಲೂ ಒಂದೇ ಕಡೆ ಬಾಗಿಕೊಂಡಿರುತ್ತವೆ. ರೆಕ್ಕೆ ಮುರಿದಿಲ್ಲ, ಬಿರುಕಿಲ್ಲ, ಎಲ್ಲ ಸರಿ, ಆದರೆ ಗೋಡೆಗೆ ಒತ್ತಿಕೊಳ್ಳುವ ಸ್ಪ್ರಿಂಗ್ ಗುಣ ಹೋಗಿದೆ. ನಿಧಾನಕ್ಕೆ ಹೋಗುವಾಗ ಬೇಕಾಗಿರುವುದು ಸರಿಯಾಗಿ ಆ ಗುಣವೇ.

ತಿಂಗಳುಗಟ್ಟಲೆ ಸುಮ್ನೆ ನಿಂತ ಬೋಟಿನ ಇಂಪೆಲ್ಲರ್ ಓಡಿದ ಬೋಟಿನದಕ್ಕಿಂತ ಬೇಗ ಹೀಗಾಗುತ್ತದೆ, ಯಾಕಂದರೆ ಅವೇ ನಾಲ್ಕು ರೆಕ್ಕೆ ಅಷ್ಟೂ ದಿನ ಮಡಚಿಕೊಂಡೇ ಕೂತಿರುತ್ತವೆ. ‘ನಾನು ಓಡಿಸೇ ಇಲ್ಲ, ಹೇಗೆ ಸವೆಯುತ್ತೆ’ ಅನ್ನುವವರಿಗೆ ಇದೇ ಉತ್ತರ. ವರ್ಷಕ್ಕೊಮ್ಮೆ ತೆಗೆದು ನೋಡುವುದು, ಎರಡು ಮೂರು ವರ್ಷಕ್ಕೆ ನೋಡದೆಯೇ ಬದಲಾಯಿಸುವುದು ಒಳ್ಳೆಯ ರೂಢಿ. ಮರಳು, ಕೆಸರು ಇರುವ ನೀರಿನಲ್ಲಿ ಓಡಿಸುವವರು ಇನ್ನೂ ಬೇಗ.

ಹೊಸ ಇಂಪೆಲ್ಲರ್ ಹಾಕಿದ್ಮೇಲೂ ಅದೇ ಕಥೆ. ಈಗೇನು?

ಈ ಪ್ರಶ್ನೆಯಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಇಂಪೆಲ್ಲರ್ ಪಂಪಿನ ಒಂದು ಭಾಗ ಮಾತ್ರ. ಅದು ಉಜ್ಜುವ ಡಬ್ಬಿಯ ಒಳಗೋಡೆ, ಕೆಳಗಿನ ತಟ್ಟೆ ಇವೂ ಸವೆಯುತ್ತವೆ. ಉಗುರಿನಿಂದ ಗೀರಿ ನೋಡಿ, ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ನೀರು ಆ ಗೀರಿನಲ್ಲೇ ವಾಪಸ್ ಜಾರುತ್ತದೆ. ಜೋರಾಗಿ ತಿರುಗುವಾಗ ಆ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ, ಐಡಲ್‌ನಲ್ಲಿ ಅದೇ ದೊಡ್ಡ ಪಾಲು. ಹಿಂದೊಮ್ಮೆ ಎಂಜಿನ್ ಚೆನ್ನಾಗಿ ಕಾದಿದ್ದರೆ ಪ್ಲಾಸ್ಟಿಕ್ ಡಬ್ಬಿ ಕರಗಿ ಸೊಟ್ಟಗಾಗಿರಲೂಬಹುದು. ಅದಕ್ಕೇ ಬರೀ ಇಂಪೆಲ್ಲರ್ ಬದಲು ಪೂರ್ತಿ ಕಿಟ್ ತೆಗೆದುಕೊಳ್ಳಿ ಅನ್ನುವುದು. ಇನ್‌ಬೋರ್ಡ್ ಪಂಪಿನ ಮುಂದಿನ ಮುಚ್ಚಳ ಗೀರು ಬಿದ್ದಿದ್ದರೆ, ಎಷ್ಟೋ ಪಂಪ್‌ಗಳಲ್ಲಿ ಅದನ್ನೇ ಮಗುಚಿ ಹಾಕಿ ಸದ್ಯಕ್ಕೆ ಕೆಲಸ ನಡೆಸಬಹುದು.

ಗ್ಯಾಸ್ಕೆಟ್ (ಮುಚ್ಚಳದ ಕೆಳಗೆ ಸೋರದಂತೆ ಇಡುವ ಹಾಳೆ) ದಪ್ಪವೂ ಮುಖ್ಯ. ಕೈಗೆ ಸಿಕ್ಕ ದಪ್ಪ ಹಾಳೆಯಿಂದ ಕತ್ತರಿಸಿದ ಗ್ಯಾಸ್ಕೆಟ್ ಹಾಕಿದರೆ ಮುಚ್ಚಳ ಇಂಪೆಲ್ಲರ್‌ನಿಂದ ದೂರ ಸರಿಯುತ್ತದೆ, ಆ ಸಂದಿಯಲ್ಲೇ ಒತ್ತಡ ಹೋಗುತ್ತದೆ. ಹೊರಗೆ ಒಂದು ಹನಿ ಸೋರುವುದಿಲ್ಲ, ಆದರೂ ಪಂಪ್ ನೀರು ಎತ್ತುವುದಿಲ್ಲ. ನಾನು ಎರಡು ದಿನ ತಲೆ ಚಚ್ಚಿಕೊಂಡಿದ್ದು ಇದಕ್ಕೇ. ಕತ್ತರಿಸಿದ್ದೂ ನಾನೇ, ಯಾರನ್ನು ಬೈಯೋದು?

ಔಟ್‌ಬೋರ್ಡ್‌ನಲ್ಲಿ ಇನ್ನೊಂದು ಜಾಗ ಇದೆ. ಪಂಪಿನಿಂದ ಮೇಲೆ ಎಂಜಿನ್‌ವರೆಗೆ ಹೋಗುವ ಲೋಹದ ಕೊಳವೆ ಕೆಳಗೆ ಒಂದು ರಬ್ಬರ್ ಸೀಲಿನೊಳಗೆ ಕೂರುತ್ತದೆ. ಲೋವರ್ ಯೂನಿಟ್ (ಪಂಪ್, ಗೇರ್ ಇರುವ ಕೆಳಭಾಗ) ಏರಿಸುವಾಗ ಕೊಳವೆ ಸರಿಯಾಗಿ ಕೂರದೆ ಸೀಲ್ ಮಡಚಿದರೆ, ಪಂಪ್ ಎತ್ತಿದ ನೀರು ಎಂಜಿನ್ನಿನ ಕಾಲಿನೊಳಗೇ ಸುರಿದುಹೋಗುತ್ತದೆ.

ಕೊನೆಯದಾಗಿ, ಹಳೇ ಇಂಪೆಲ್ಲರ್‌ನ ರೆಕ್ಕೆ ಮುರಿದಿತ್ತಾ? ಮುರಿದ ತುಂಡುಗಳನ್ನು ಎಣಿಸಿದಿರಾ? ಎಲ್ಲ ಸಿಗದಿದ್ದರೆ ಅವು ಮುಂದೆ ಹೋಗಿ ಥರ್ಮೋಸ್ಟಾಟ್ ಹತ್ತಿರ ಅಥವಾ ಹೀಟ್ ಎಕ್ಸ್‌ಚೇಂಜರ್ (ಹೊರಗಿನ ನೀರಿನಿಂದ ಕೂಲಂಟ್ ತಣಿಸುವ ಭಾಗ) ಬಾಯಲ್ಲಿ ಕೂತಿರುತ್ತವೆ. ಹುಡುಕಲೇಬೇಕು.

ನಾನೇ ಹಾಕ್ತೀನಿ. ಎಲ್ಲಿ ಎಡವ್ತಾರೆ ಜನ?

ಒಣಗಿದ ಇಂಪೆಲ್ಲರ್ ಹಾಗೇ ತುರುಕುವುದು ಮೊದಲನೆಯದು. ಸೋಪಿನ ನೀರು ಅಥವಾ ಗ್ಲಿಸರಿನ್ ಹಚ್ಚಿ, ಗ್ರೀಸ್ ಬೇಡ, ಪೆಟ್ರೋಲಿಯಂ ಗ್ರೀಸ್ ಎಷ್ಟೋ ರಬ್ಬರನ್ನು ಊದಿಸುತ್ತದೆ. ಒಳಗೆ ನೂಕುವಾಗ ಪಂಪ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ನೂಕಿ. ಶಾಫ್ಟ್ ಮೇಲಿನ ಸಣ್ಣ ಕೀ (ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ತುಂಡು) ಬಿದ್ದುಹೋಗುವುದು ಬಲು ಸುಲಭ, ಅದು ಇಲ್ಲದಿದ್ದರೆ ಶಾಫ್ಟ್ ತಿರುಗುತ್ತದೆ, ಇಂಪೆಲ್ಲರ್ ಸುಮ್ನೆ ಕೂತಿರುತ್ತದೆ. ಔಟ್‌ಬೋರ್ಡ್ ಡ್ರೈವ್ ಶಾಫ್ಟಿನ ತುತ್ತತುದಿಗೆ ಗ್ರೀಸ್ ಮೆತ್ತಬೇಡಿ, ಪಕ್ಕದ ಹಲ್ಲುಗಳಿಗೆ ಮಾತ್ರ, ಇಲ್ಲದಿದ್ದರೆ ಶಾಫ್ಟ್ ಪೂರ್ತಿ ಮೇಲೆ ಕೂರುವುದಿಲ್ಲ. ಗೇರ್ ಯಾವ ಸ್ಥಾನದಲ್ಲಿದ್ದಾಗ ಬಿಚ್ಚಿದಿರೋ ಅದೇ ಸ್ಥಾನದಲ್ಲಿ ಜೋಡಿಸಿ.

ಎಲ್ಲ ಮುಗಿದ ಮೇಲೆ ‘ಒಂದು ಸಲ ಸ್ಟಾರ್ಟ್ ಆಗುತ್ತಾ ನೋಡೋಣ’ ಅಂತ ನೀರಿಲ್ಲದೆ ಸ್ಟಾರ್ಟ್ ಮಾಡುವವರೂ ಇದ್ದಾರೆ. ನೀರಿಲ್ಲದೆ ಕೆಲವೇ ಸೆಕೆಂಡ್ ತಿರುಗಿದರೂ ಹೊಸ ಇಂಪೆಲ್ಲರ್ ಸುಟ್ಟುಹೋಗಬಹುದು. ಬೇಡ.

ದಡದಲ್ಲಿ ಪೈಪ್ ಹಾಕಿ ಓಡಿಸಿದ್ರೆ ಒಂದು ಗಂಟೆ ತಣ್ಣಗಿರುತ್ತೆ, ನೀರಿಗಿಳಿಸಿದ್ರೆ ಹತ್ತೇ ನಿಮಿಷಕ್ಕೆ ಹೀಟು!

ದಡದಲ್ಲಿ ಪಂಪಿನ ಕೆಲಸವನ್ನು ನಲ್ಲಿಯೇ ಮಾಡುತ್ತಿದೆ. ಪೈಪಿನ ನೀರು ಒತ್ತಡದಿಂದ ಒಳಗೆ ನುಗ್ಗುತ್ತದೆ, ಸತ್ತ ಪಂಪನ್ನೂ ದಾಟಿಕೊಂಡು ಹೋಗುತ್ತದೆ. ನೀರಿನಲ್ಲಿ ಪಂಪ್ ತಾನೇ ಎಳೆಯಬೇಕು. ಹಾಗಾಗಿ ಈ ಪರೀಕ್ಷೆಯಲ್ಲಿ ಪಾಸಾದರೆ ಪಂಪ್ ಸರಿ ಅಂತ ಅರ್ಥ ಅಲ್ಲ. ದಡದಲ್ಲಿ ಸರಿ, ನೀರಲ್ಲಿ ಇಲ್ಲ ಅಂದರೆ ಬೆರಳು ಪಂಪಿನ ಕಡೆಗೇ ತೋರಿಸುತ್ತಿದೆ.

ಸರಿಯಾಗಿ ಪರೀಕ್ಷೆ ಮಾಡಬೇಕೆಂದರೆ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಪಂಪ್ ಮುಳುಗುವಷ್ಟು ಕಾಲು ಇಳಿಸಿ ಓಡಿಸಿ. ಪ್ರೊಪೆಲ್ಲರ್ ತೆಗೆದಿಟ್ಟರೆ ಒಳ್ಳೆಯದು. ಡ್ರಮ್ ನೀರು ಬೇಗ ಬಿಸಿಯಾಗುತ್ತದೆ, ಅದನ್ನು ಎಂಜಿನ್ ತಪ್ಪು ಅಂದುಕೊಳ್ಳಬೇಡಿ.

## ಥರ್ಮೋಸ್ಟಾಟ್, ವಾಲ್ವ್, ಉಪ್ಪು

ಥರ್ಮೋಸ್ಟಾಟ್ ಕೆಟ್ಟಿದ್ರೆ ಯಾವಾಗ್ಲೂ ಹೀಟ್ ಆಗ್ಬೇಕಲ್ವಾ? ನಿಧಾನಕ್ಕೆ ಮಾತ್ರ ಯಾಕೆ?

ಕಾರಿನಲ್ಲಾದರೆ ನಿಮ್ಮ ಮಾತು ಸರಿ. ಆದರೆ ಸುಮಾರು ಔಟ್‌ಬೋರ್ಡ್‌ಗಳಲ್ಲಿ ಥರ್ಮೋಸ್ಟಾಟ್ ಜೊತೆಗೆ ಒತ್ತಡಕ್ಕೆ ತೆರೆಯುವ ಇನ್ನೊಂದು ವಾಲ್ವ್ ಇರುತ್ತದೆ. ನಿಧಾನಕ್ಕೆ ಹೋಗುವಾಗ ಅದು ಮುಚ್ಚಿರುತ್ತದೆ, ನೀರಿಗೆ ಥರ್ಮೋಸ್ಟಾಟ್ ಒಂದೇ ಬಾಗಿಲು. ಜೋರಾದಾಗ ಪಂಪಿನ ಒತ್ತಡ ಏರಿ ಎರಡನೇ ಬಾಗಿಲು ತೆರೆಯುತ್ತದೆ. ಈಗ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಬಿದ್ದಿದೆ ಅಂದುಕೊಳ್ಳಿ. ನಿಧಾನಕ್ಕೆ ನೀರಿಗೆ ದಾರಿಯೇ ಇಲ್ಲ, ಹೀಟ್. ಥ್ರಾಟಲ್ ಏರಿಸಿದರೆ ಎರಡನೇ ಬಾಗಿಲು ತೆರೆದು ಸೂಜಿ ಸರ್ರನೆ ಇಳಿಯುತ್ತದೆ.

ಸವೆದ ಇಂಪೆಲ್ಲರ್ ಕೂಡ ಇದೇ ನಾಟಕ ಆಡುತ್ತದೆ. ಎರಡನ್ನೂ ಬೇರೆ ಮಾಡುವುದು ಹೇಗೆ ಅಂದರೆ ಐಡಲ್‌ನಲ್ಲಿ ಧಾರೆ ನೋಡಿ. ಧಾರೆ ಬಲವಾಗಿದ್ದೂ ಹೆಡ್ ಬಿಸಿ ಅಂದರೆ ಥರ್ಮೋಸ್ಟಾಟ್ ಕಡೆ ಹೋಗಿ. ಧಾರೆ ಸಣ್ಣಗೆ ತೊಟ್ಟಿಕ್ಕುತ್ತಾ, ಥ್ರಾಟಲ್ ಏರಿಸಿದಾಗ ಮಾತ್ರ ಬಲವಾದರೆ ಪಂಪ್ ಕಡೆ. ನೂರಕ್ಕೆ ನೂರು ಅಲ್ಲ, ಆದರೆ ಸ್ಪ್ಯಾನರ್ ಎತ್ತುವ ಮುಂಚೆ ಇಷ್ಟು ಸಾಕು.

ಥರ್ಮೋಸ್ಟಾಟ್ ಮನೇಲೇ ಟೆಸ್ಟ್ ಮಾಡ್ಬಹುದಾ?

ಮಾಡಬಹುದು, ಮಜವಾಗಿಯೂ ಇರುತ್ತದೆ. ಅದರ ಮೇಲೆ ತೆರೆಯುವ ಡಿಗ್ರಿ ಅಚ್ಚು ಹಾಕಿರುತ್ತಾರೆ. ವಾಲ್ವಿನ ಬಾಯಿ ಬಿಡಿಸಿ ಒಂದು ದಾರ ಸಿಕ್ಕಿಸಿ, ಆ ದಾರದಿಂದಲೇ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ತೂಗುಬಿಡಿ. ನೀರು ಕಾಯಿಸುತ್ತಾ ಥರ್ಮಾಮೀಟರ್ ನೋಡುತ್ತಿರಿ. ಬಾಯಿ ತೆರೆದ ಕ್ಷಣ ದಾರ ಬಿಟ್ಟು ಕೆಳಗೆ ಬೀಳುತ್ತದೆ. ಅಚ್ಚಿನ ಅಂಕಿಯ ಆಸುಪಾಸಿನಲ್ಲಿ ಬಿದ್ದರೆ ಸರಿ. ಇನ್ನೂ 10–15 ಡಿಗ್ರಿ ಏರಿದಾಗ ಪೂರ್ತಿ ತೆರೆದಿರಬೇಕು, ತಣ್ಣಗಾದ ಮೇಲೆ ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ನಿಂತರೆ ಬಿಸಾಕಿ, ತಿಕ್ಕಿ ತೊಳೆದು ಮತ್ತೆ ಹಾಕುವ ಸಾಮಾನಲ್ಲ ಅದು.

ಡಬ್ಬಿ ಬಿಚ್ಚುವಾಗ ಉಪ್ಪುನೀರಿನ ಬೋಲ್ಟ್‌ಗಳ ಬಗ್ಗೆ ಎಚ್ಚರ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಪೆನಿಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಮುರಿದ ಬೋಲ್ಟ್ ತೆಗೆಯುವ ಕೆಲಸ ಥರ್ಮೋಸ್ಟಾಟ್ ಕೆಲಸದ ಹತ್ತು ಪಟ್ಟು.

ಥರ್ಮೋಸ್ಟಾಟೇ ಇಲ್ದೆ ಓಡಿಸಿದ್ರೆ ತಂಟೆನೇ ಇಲ್ವಲ್ಲ?

ದಡ ಸೇರುವ ತನಕ ಆದೀತು. ಹಾಗೇ ಬಿಟ್ಟರೆ ಎಂಜಿನ್ ಯಾವಾಗಲೂ ತಣ್ಣಗೆ ಓಡುತ್ತದೆ, ಇಂಧನ ಪೂರ್ತಿ ಉರಿಯುವುದಿಲ್ಲ, ಪ್ಲಗ್ ಕಪ್ಪಾಗುತ್ತದೆ, ಫೋರ್-ಸ್ಟ್ರೋಕ್ ಆದರೆ ಪೆಟ್ರೋಲ್ ಜಾರಿ ಆಯಿಲ್‌ಗೆ ಸೇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ಸುಲಭದ ದಾರಿ ಹಿಡಿದು ಮೇಲಿನ ಸಿಲಿಂಡರ್ ಕಡೆ ಹೋಗುವುದೇ ಇಲ್ಲ. ಒಂದು ಕಾಯಿಲೆ ಕೊಟ್ಟು ಇನ್ನೊಂದು ತಗೊಂಡ ಹಾಗೆ.

ಆ ಒತ್ತಡದ ವಾಲ್ವೇ ಕೆಟ್ಟಿದ್ರೆ?

ಮರಳಿನ ಕಣವೋ ಮುರಿದ ರೆಕ್ಕೆಯ ತುಂಡೋ ಸಿಕ್ಕಿ ಅದು ತೆರೆದೇ ಇದ್ದರೆ, ಐಡಲ್‌ನಲ್ಲಿ ಪಂಪ್ ಎತ್ತುವ ಅಷ್ಟಿಷ್ಟು ನೀರೂ ಅಲ್ಲೇ ಹೊರಗೆ ಹೋಗುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದು ಎಂಜಿನ್ ವಿನ್ಯಾಸದ ಮೇಲೆ. ಕೆಲವು ಹೀಟ್ ಆಗುತ್ತವೆ, ಕೆಲವು ಉಲ್ಟಾ ತೀರಾ ತಣ್ಣಗೆ ಓಡುತ್ತವೆ. ಥರ್ಮೋಸ್ಟಾಟ್ ಹೊಸದು, ಪಂಪ್ ಹೊಸದು, ಆದರೂ ಐಡಲ್‌ನಲ್ಲಿ ಹೀಟ್ ಅಂದರೆ ಇದನ್ನು ಬಿಚ್ಚಿ ನೋಡಿ. ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ, ರಬ್ಬರ್ ಸೀಟ್ ಕಿತ್ತುಹೋಗಿದೆಯಾ ಅಂತ. ಹತ್ತು ನಿಮಿಷದ ಕೆಲಸ, ಆದರೆ ಯಾರೂ ನೋಡುವುದಿಲ್ಲ.

ಪ್ರತಿ ಸಲ ಸಿಹಿನೀರಲ್ಲಿ ಫ್ಲಶ್ ಮಾಡ್ತೀನಿ. ಆದ್ರೂ ಒಳಗೆ ಉಪ್ಪು ಕಟ್ಟುತ್ತಾ?

ಎಷ್ಟು ಹೊತ್ತು ಮಾಡುತ್ತೀರಿ ಅನ್ನುವುದು ಪ್ರಶ್ನೆ. ಪೈಪ್ ಹಾಕಿ ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯೇ ಆಗಿರುವುದಿಲ್ಲ, ಅದರ ಆಚೆಯ ಉಪ್ಪು ಅಲ್ಲೇ ಇರುತ್ತದೆ. ಐಡಲ್‌ನಲ್ಲಿ ಹತ್ತು ನಿಮಿಷ ಬಿಡಿ. ಆದರೆ ಎಂಜಿನ್ ಪಕ್ಕದಲ್ಲಿ ಬೇರೆ ಫ್ಲಶ್ ಕನೆಕ್ಷನ್ ಇದ್ದು ಅದಕ್ಕೆ ಪೈಪ್ ಸಿಕ್ಕಿಸುವುದಾದರೆ, ಮ್ಯಾನ್ಯುಯಲ್ ಹೇಳದ ಹೊರತು ಎಂಜಿನ್ ಓಡಿಸಬೇಡಿ. ಸುಮಾರು ಮಾಡೆಲ್‌ಗಳಲ್ಲಿ ಆ ನೀರು ಕೆಳಗಿನ ಪಂಪಿಗೆ ಸಾಲುವುದಿಲ್ಲ.

ಈಗಾಗಲೇ ಗಟ್ಟಿಯಾಗಿರುವ ಪದರಕ್ಕೆ ಸಿಹಿನೀರು ನಾಟುವುದಿಲ್ಲ. ಅದಕ್ಕೆ ಬಿಳಿ ವಿನೆಗರ್ ಅಥವಾ ಎಂಜಿನ್‌ಗೆಂದೇ ಸಿಗುವ ಡೀಸ್ಕೇಲರ್ ಸುತ್ತಾಡಿಸಬೇಕು. ಅಲ್ಯೂಮಿನಿಯಂ ಬ್ಲಾಕ್‌ಗೆ ಜೋರಾದ ಆಸಿಡ್ ಹಾಕುವ ಧೈರ್ಯ ಮಾತ್ರ ಮಾಡಬೇಡಿ.

## ಇನ್‌ಬೋರ್ಡ್‌ನವರಿಗೆ

ನನ್ನ ಡೀಸೆಲ್ ಇನ್‌ಬೋರ್ಡ್‌ನಲ್ಲಿ ಕೂಲಂಟೂ ಇದೆ, ಸಮುದ್ರದ ನೀರೂ ಇದೆ. ಎಲ್ಲಿಂದ ಶುರು ಮಾಡ್ಲಿ?

ಎಕ್ಸಾಸ್ಟ್ ಬಾಯಿಂದ. ಹೊರಗಿನ ನೀರು ಹೀಟ್ ಎಕ್ಸ್‌ಚೇಂಜರ್ ದಾಟಿ ಕೊನೆಗೆ ಹೊಗೆಯ ಜೊತೆ ಅಲ್ಲಿಂದಲೇ ಬೀಳುತ್ತದೆ. ಐಡಲ್‌ನಲ್ಲಿ ಒಂದು ಬಕೆಟ್ ಹಿಡಿದು ಒಂದು ನಿಮಿಷಕ್ಕೆ ಎಷ್ಟು ತುಂಬಿತು ಅಂತ ಬರೆದಿಡಿ. ಎಂಜಿನ್ ಆರೋಗ್ಯವಾಗಿದ್ದಾಗಲೇ ಒಮ್ಮೆ ಅಳೆದಿಟ್ಟಿದ್ದರೆ ಈಗ ಹೋಲಿಸಲು ಚಿನ್ನದಂಥ ಅಂಕಿ.

ನೀರು ಕಡಿಮೆ ಇದ್ದರೆ ಹೊರಗಿನ ನೀರಿನ ದಾರಿ ಹಿಡಿಯಿರಿ: ಸೀಕಾಕ್ (ಹೊರಗಿನ ನೀರು ಬೋಟಿನೊಳಗೆ ಬರುವ ಕಡೆಯ ವಾಲ್ವ್), ಸ್ಟ್ರೈನರ್ (ಕಸ ಸೋಸುವ ಡಬ್ಬಿ), ಪಂಪ್. ನೀರು ಸರಿಯಾಗಿದ್ದರೆ ಒಳಗಿನ ಕೂಲಂಟ್ ದಾರಿ: ಮಟ್ಟ, ಬೆಲ್ಟ್, ಥರ್ಮೋಸ್ಟಾಟ್. ಡೀಸೆಲ್ ಐಡಲ್‌ನಲ್ಲಿ ಹುಟ್ಟಿಸುವ ಬಿಸಿ ಬಹಳ ಕಡಿಮೆ. ಅಷ್ಟಕ್ಕೂ ಹೀಟ್ ಆಗುತ್ತಿದೆ ಅಂದರೆ ಎಲ್ಲೋ ಒಂದು ಕಡೆ ಹರಿವು ಹೆಚ್ಚುಕಡಿಮೆ ನಿಂತೇ ಹೋಗಿದೆ. ಹಾಗಾಗಿ ಹೀಟ್ ಎಕ್ಸ್‌ಚೇಂಜರ್ ಸ್ವಲ್ಪ ಕಟ್ಟಿದೆ ಅನ್ನುವ ಅನುಮಾನ ಇಲ್ಲಿ ಕೊನೆಗಿರಲಿ, ಅದು ಜೋರಿನಲ್ಲಿ ಮೊದಲು ಕಾಣಿಸುವ ಕಾಯಿಲೆ.

ಗಾಳಿ ಎಳೀತಿದೆ ಅಂತಾರೆ. ಎಲ್ಲೂ ನೀರು ಸೋರ್ತಿಲ್ಲ, ಗಾಳಿ ಹೇಗೆ ಬರುತ್ತೆ?

ಸೋರದಿರುವುದೇ ಮೋಸ. ಪಂಪಿಗೆ ನೀರು ಬರುವ ಕಡೆ ಇರುವುದು ಒತ್ತಡ ಅಲ್ಲ, ಸೆಳೆತ. ಸ್ಟ್ರೈನರ್ ಮುಚ್ಚಳ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಅದರ ಸಂದಿಯಿಂದ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಡಿಮೆ ವೇಗದಲ್ಲಿ ಪಂಪಿಗೆ ನೀರು ಎತ್ತುವುದಕ್ಕಿಂತ ಗಾಳಿ ಎಳೆಯುವುದೇ ಸುಲಭ.

ಸ್ಟ್ರೈನರ್ ತೊಳೆದ ಮೇಲೆ ಶುರುವಾದ ಹೀಟ್ ಅಂದರೆ ನನ್ನ ಮೊದಲ ಪ್ರಶ್ನೆ, ಮುಚ್ಚಳದ ಒ-ರಿಂಗ್ ಸರಿ ಕೂತಿದೆಯಾ. ಅದಾದ ಮೇಲೆ ಹೋಸ್ ಕ್ಲ್ಯಾಂಪ್‌ಗಳು. ಖಚಿತ ಮಾಡಿಕೊಳ್ಳಲು ಸ್ಟ್ರೈನರ್‌ಗೂ ಪಂಪಿಗೂ ನಡುವೆ ಸ್ವಲ್ಪ ಹೊತ್ತಿಗೆ ಒಂದು ಪಾರದರ್ಶಕ ಹೋಸ್ ಹಾಕಿ ಓಡಿಸಿ. ಗುಳ್ಳೆಗಳು ಓಡುವುದು ಕಣ್ಣಿಗೇ ಕಾಣುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆದು ಸರಿಯಾದ ಹೋಸ್ ಹಾಕಿ, ಅಲ್ಲೇ ಬಿಟ್ಟುಬಿಡಬೇಡಿ.

ಕೂಲಂಟ್ ಬದಲಾಯಿಸಿದ್ಮೇಲೆ ಶುರುವಾಯ್ತು. ಏನಾದ್ರೂ ತಪ್ಪು ಮಾಡಿದ್ನಾ?

ಒಳಗೆ ಗಾಳಿ ಉಳಿದಿರುತ್ತದೆ, ಅಷ್ಟೇ. ಎಂಜಿನ್ ತಣ್ಣಗಿರುವಾಗ ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ತುಂಬಿಸಿ, ಥರ್ಮೋಸ್ಟಾಟ್ ತೆರೆಯುವ ತನಕ ಓಡಿಸಿ, ತಣಿದ ಮೇಲೆ ಮಟ್ಟ ಮತ್ತೆ ನೋಡಿ. ಎಂಜಿನ್‌ಗಿಂತ ಎತ್ತರದಲ್ಲಿ ಹಾದುಹೋಗುವ ಹೋಸ್ ಇದ್ದರೆ ಗಾಳಿ ಅಲ್ಲೇ ಕೂತಿರುತ್ತದೆ. ಆಮೇಲೂ ಪ್ರತಿ ಸಲ ಮಟ್ಟ ಇಳಿಯುತ್ತಿದ್ದರೆ ಅದು ಗಾಳಿಯಲ್ಲ, ಸೋರಿಕೆ.

ಎಕ್ಸಾಸ್ಟ್‌ನಿಂದ ಬಿಳಿ ಹಬೆ ಬರ್ತಿದೆ, ಗೇಜ್ ಮಾತ್ರ ಸರಿ ಇದೆ. ಬಿಟ್ಬಿಡ್ಲಾ?

ಬಿಡಬೇಡಿ. ಗೇಜ್ ಅಳೆಯುವುದು ಕೂಲಂಟನ್ನು, ಅದು ಬಿಸಿಯಾಗಲು ಹೊತ್ತು ಬೇಕು. ಹೊರಗಿನ ನೀರು ಕಡಿಮೆಯಾದರೆ ಮೊದಲು ಬೇಯುವುದು ಎಕ್ಸಾಸ್ಟ್‌ನ ರಬ್ಬರ್ ಹೋಸ್. ಅದು ಸುಟ್ಟರೆ ಹೊಗೆ, ಅದರ ಜೊತೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್, ಕ್ಯಾಬಿನ್ ಒಳಗೆ ತುಂಬುತ್ತದೆ. ಎಂಜಿನ್ ಹೋದರೆ ಹೋಗಲಿ, ಇದು ಜೀವದ ಮಾತು. ಹೋಸ್ ಮೇಲೆ ಕೈ ಇಡಲಾಗದಷ್ಟು ಬಿಸಿಯಿದ್ದರೆ ಎಂಜಿನ್ ಆಫ್ ಮಾಡಿ.

ಸಮಸ್ಯೆ ಹುಡುಕುತ್ತಾ ಎಂಜಿನ್ ಸ್ಟಾರ್ಟ್ ಆಗದೆ ಸ್ಟಾರ್ಟರ್ ತುಂಬಾ ಹೊತ್ತು ತಿರುಗಿಸುವುದಾದರೆ ಸೀಕಾಕ್ ಮುಚ್ಚಿಡಿ. ಇಲ್ಲದಿದ್ದರೆ ಪಂಪ್ ಎತ್ತಿದ ನೀರು ಮಫ್ಲರ್ ತುಂಬಿ ಸಿಲಿಂಡರ್ ಒಳಗೇ ನುಗ್ಗುತ್ತದೆ. ಎಂಜಿನ್ ಹಿಡಿದ ತಕ್ಷಣ ತೆರೆಯಲು ಮರೆಯಬೇಡಿ.

## ಸುಲಭಕ್ಕೆ ಸಿಗದವು

ಜೋರಾಗಿ ಬಂದು ಸಡನ್ನಾಗಿ ನಿಧಾನ ಮಾಡಿದಾಗ ಮಾತ್ರ ಸೂಜಿ ಏರಿ ಆಮೇಲೆ ಇಳಿಯುತ್ತೆ.

ಸ್ವಲ್ಪ ಏರಿ ಒಂದೆರಡು ನಿಮಿಷದಲ್ಲಿ ಇಳಿದರೆ ಇದು ಕಾಯಿಲೆಯೇ ಅಲ್ಲ. ಲೋಹದಲ್ಲಿ ತುಂಬಿಕೊಂಡ ಬಿಸಿ ಹೊರಗೆ ಬರುತ್ತಿದೆ, ಅದೇ ಹೊತ್ತಿಗೆ ನೀರು ಕಡಿಮೆಯಾಗಿದೆ. ಓಡಿಸುವ ರೀತಿ ಬದಲಾಯಿಸಿ. ದಡ ಸೇರುವ ಕೆಲವು ನಿಮಿಷ ಮುಂಚೆಯೇ ನಿಧಾನ ಮಾಡುತ್ತಾ ಬನ್ನಿ. ಇಳಿಯದೆ ಅಲ್ಲೇ ನಿಂತರೆ ಮಾತ್ರ ಮತ್ತೆ ಪಂಪ್, ಥರ್ಮೋಸ್ಟಾಟ್ ಲೆಕ್ಕ.

ಕಡಿಮೆ ಆಳದಲ್ಲಿ ಎಂಜಿನ್ ಸ್ವಲ್ಪ ಎತ್ತಿ ಓಡಿಸ್ತೀನಿ, ಆಗ್ಲೇ ಹೀಟ್ ಆಗೋದು.

ನೀರು ಒಳಗೆ ಹೋಗುವ ಜಾಲರಿ ನೀರಿನ ಮೇಲೆ ಬರುತ್ತಿದೆ, ಇಲ್ಲವೇ ತಳದ ಕೆಸರು ಎಳೆಯುತ್ತಿದೆ. ಎರಡೂ ಇಂಪೆಲ್ಲರ್‌ಗೆ ವಿಷ. ಯಾರನ್ನಾದರೂ ಹಿಂದೆ ಕೂರಿಸಿ ಧಾರೆ ನೋಡಲು ಹೇಳಿ, ಎಷ್ಟು ಎತ್ತಿದಾಗ ಅದು ಕೆಮ್ಮಲು ಶುರು ಮಾಡುತ್ತದೆ ಅಂತ. ಅದೇ ನಿಮ್ಮ ಮಿತಿ.

ಜೆಟ್ ಬೋಟಿಗೂ ಇದೆಲ್ಲ ಅನ್ವಯಿಸುತ್ತಾ?

ಅರ್ಧ ಮಾತ್ರ. ಸುಮಾರು ಜೆಟ್‌ಗಳಲ್ಲಿ ಎಂ‌ಜಿನ್ ತಣಿಸಲು ಬೇರೆ ಪಂಪೇ ಇರುವುದಿಲ್ಲ, ಬೋಟ್ ನೂಕುವ ಜೆಟ್ ಪಂಪಿನ ಒತ್ತಡದಿಂದಲೇ ಒಂದು ಕವಲು ನೀರು ಎಂಜಿನ್‌ಗೆ ಬರುತ್ತದೆ. ಐಡಲ್‌ನಲ್ಲಿ ಆ ಒತ್ತಡ ಹುಟ್ಟಿನಿಂದಲೇ ಕಡಿಮೆ. ಕೆಳಗಿನ ಜಾಲರಿಯಲ್ಲಿ ಕಳೆ, ಸವೆದ ವೇರ್ ರಿಂಗ್ (ಜೆಟ್ ಪಂಪಿನ ಇಂಪೆಲ್ಲರ್ ಸುತ್ತ ಕೂರುವ ಬಳೆ), ಸಣ್ಣ ಹೋಸಿನಲ್ಲಿ ಮರಳು ಇವನ್ನು ನೋಡಿ.

ಎಲ್ಲ ಬದಲಾಯಿಸಿ ಆಯ್ತು. ಹೆಡ್ ಗ್ಯಾಸ್ಕೆಟ್ ಇರ್ಬಹುದಾ?

ಇರಬಹುದು, ಆದರೆ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೀಲ್) ಸಾಮಾನ್ಯವಾಗಿ ಭಾರ ಎಳೆಯುವಾಗ ಮೊದಲು ಕಾಣಿಸಿಕೊಳ್ಳುತ್ತದೆ. ‘ನಿಧಾನಕ್ಕೆ ಮಾತ್ರ’ ಆದರೆ ಅದನ್ನು ಕೊನೆಗೆ ಇಡಿ. ಧಾರೆಯಲ್ಲಿ ಅಥವಾ ಕೂಲಂಟ್ ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆ, ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗುವುದು, ಒಂದು ಪ್ಲಗ್ ಮಾತ್ರ ತೊಳೆದ ಹಾಗೆ ಶುಭ್ರವಾಗಿರುವುದು, ಇವು ಅದರ ಗುರುತು.

ಅದಕ್ಕೂ ಮುಂಚೆ ನೋಡಬೇಕಾದದ್ದು ಇಂಧನ ಮತ್ತು ಟೈಮಿಂಗ್ (ಪ್ಲಗ್ ಕಿಡಿ ಬಿಡುವ ಸಮಯ). ಕಾರ್ಬ್ಯುರೇಟರ್‌ನ ಐಡಲ್ ಜೆಟ್ ಕಟ್ಟಿಕೊಂಡು ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಹೋಗುತ್ತಿದ್ದರೆ ಆ ಸಿಲಿಂಡರ್ ಬಿಸಿ ಓಡುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಒಂದೊಂದೇ ಸಿಲಿಂಡರ್ ಅಳೆಯಿರಿ. ಎಲ್ಲವೂ ಸಮನಾಗಿ ಬಿಸಿಯಿದ್ದರೆ ನೀರಿನ ಕೊರತೆ. ಒಂದೇ ಬೇರೆ ಇದ್ದರೆ ಆ ಸಿಲಿಂಡರಿನ ಕಥೆ ಬೇರೆ. ಮೇಲಿನದು ಮಾತ್ರ ಬಿಸಿಯಿದ್ದರೆ ನೀರು ಅಲ್ಲಿಯ ತನಕ ಏರುತ್ತಿಲ್ಲ, ಮತ್ತೆ ಪಂಪಿನ ಹತ್ತಿರವೇ ವಾಪಸ್ ಬನ್ನಿ.

ಒಂದ್ಸಲ ವಿಪರೀತ ಹೀಟಾಗಿ ನಿಂತೇಹೋಗಿತ್ತು. ಈಗ ಓಡ್ತಿದೆ. ಒಳಗೆ ಏನಾದ್ರೂ ಆಗಿರುತ್ತಾ?

ಕಂಪ್ರೆಷನ್ ಟೆಸ್ಟ್ (ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು) ಮಾಡಿಸಿ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಶೇಕಡ 10ರ ಒಳಗಿದ್ದರೆ ನೆಮ್ಮದಿ. ಎರಡು ಅಕ್ಕಪಕ್ಕದ ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ನಡುವಿನ ಗ್ಯಾಸ್ಕೆಟ್, ಒಂದೇ ಕಡಿಮೆ ಬಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್. ಆಯಿಲ್ ಬದಲಾಯಿಸಿ, ಹಳೆಯದರಲ್ಲಿ ನೀರಿದೆಯಾ ನೋಡಿ. ಪಂಪ್ ಬಿಚ್ಚಿ ಪ್ಲಾಸ್ಟಿಕ್ ಡಬ್ಬಿ ಕರಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಎಕ್ಸಾಸ್ಟ್ ಹೋಸಿನ ಒಳಗೆ ಟಾರ್ಚ್ ಬಿಟ್ಟು ನೋಡಿ, ಹೊರಗೆ ಚೆನ್ನಾಗಿ ಕಂಡರೂ ಒಳಪದರ ಸುಲಿದು ತೂಗಾಡುತ್ತಿರಬಹುದು. ಇಷ್ಟೂ ಸರಿ ಇದ್ದರೆ ಮೊದಲ ಒಂದೆರಡು ಸಲ ದಡದ ಹತ್ತಿರವೇ ಓಡಿಸಿ, ಐಡಲ್‌ನಲ್ಲಿ ಅರ್ಧ ಗಂಟೆ ಬಿಟ್ಟು ಹೆಡ್ ಮೇಲೆ ಅಂಟಿಸಿದ ಆ ಕಪ್ಪು ಟೇಪಿನ ಅಂಕಿ ಬರೆದಿಟ್ಟುಕೊಳ್ಳಿ.